ನಿತ್ಯಾನುಷ್ಠಾನವೂ ಮನಸ್ಸಿನ ನೆಲೆಯೂ

ಕಳೆದ ವರ್ಷ ಮಳೆಗಾಲದ ಒಂದು ಬೆಳಿಗ್ಗೆ ನಮ್ಮ ಇತಿಹಾಸದ ತರಗತಿಯಲ್ಲಿ ಹಾಜರಿ ಕರೆಯುತ್ತಿದ್ದರು. ನನ್ನ ಹೆಸರು ಬಂದುದೂ ಹೋದುದೂ ನನಗೆ ತಿಳಿಯಲಿಲ್ಲ. ಪಕ್ಕದ ಗೆಳೆಯನು ಮೊಳಕೈಯಿಂದ ತಿವಿದಾಗ ದಡಬಡಿಸಿ ಎದ್ದು, "ಬಂದಿದ್ದೇನೆ ಸಾರ್" ಎಂದೆ. ತರಗತಿಯೆಲ್ಲ ನಕ್ಕಿತು. ಅಧ್ಯಾಪಕರು ಮಾತ್ರ ನಗದೆ, "ದೇಹ ಬಂದಿದೆ, ಅದಕ್ಕೆ ಹಾಜರಿ ಹಾಕಿದ್ದೇನೆ. ಇನ್ನೊಬ್ಬನು ಬಂದ ಮೇಲೆ ಹೇಳು" ಎಂದರು. ಆ ಮಾತು ಹಾಸ್ಯಕ್ಕೆ ಆಡಿದ್ದಿರಬಹುದು. ಆದರೆ ಅದು ನನ್ನಲ್ಲಿ ಉಳಿಯಿತು. ಆ ಇನ್ನೊಬ್ಬನು ಎಲ್ಲಿಗೆ ಹೋಗಿದ್ದ? ಅವನನ್ನು ಕರೆತರುವ ಬಗೆ ಯಾವುದು? ಈ ಎರಡು ಪ್ರಶ್ನೆಗಳಿಗೆ ನಮ್ಮ ಸೀಮೆಯ ಹಿರಿಯರು ಏನು ಉತ್ತರ ಕೊಟ್ಟಿದ್ದಾರೆಂಬುದನ್ನು ನನ್ನ ಅಲ್ಪಮತಿಗೆ ನಿಲುಕಿದಷ್ಟು ಇಲ್ಲಿ ಬರೆದಿದ್ದೇನೆ.

ಮನಸ್ಸು ಅಲೆಯುವುದು ನನ್ನೊಬ್ಬನ ದೋಷವೇನೂ ಅಲ್ಲ. ೨೦೧೦ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಇಬ್ಬರು ಮನಶ್ಶಾಸ್ತ್ರಜ್ಞರು ೨,೨೫೦ ಮಂದಿಯನ್ನು ಪರೀಕ್ಷಿಸಿದರು. ಹೊತ್ತಲ್ಲದ ಹೊತ್ತಿನಲ್ಲಿ ಅವರ ದೂರವಾಣಿಗೆ ಕರೆ ಕಳುಹಿಸಿ, 'ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯೆ, ಸಂತೋಷವಾಗಿದ್ದೀರಾ' ಎಂದು ಕೇಳಿದರು. ಎಚ್ಚರವಾಗಿರುವ ಹೊತ್ತಿನಲ್ಲಿ ನೂರಕ್ಕೆ ಸುಮಾರು ೪೭ ಪಾಲು ಮನಸ್ಸು ಮಾಡುವ ಕೆಲಸದಲ್ಲಿ ಇರುವುದಿಲ್ಲವೆಂದು ಕಂಡುಬಂದಿತು. ಅಷ್ಟೇ ಅಲ್ಲ, ಮಾಡುತ್ತಿರುವ ಕೆಲಸ ಬೇಸರದ್ದೇ ಆಗಿದ್ದರೂ ಮನಸ್ಸು ಅದರಲ್ಲಿ ನಿಂತಾಗ ಮನುಷ್ಯನು ಹೆಚ್ಚು ಸುಖಿಯಾಗಿರುತ್ತಾನೆಂದು ಅವರು ತೀರ್ಮಾನಿಸಿದರು. ಅಂದರೆ ಬದುಕಿನ ಸುಮಾರು ಅರ್ಧಭಾಗಕ್ಕೆ ನಾವೆಲ್ಲರೂ ಗೈರುಹಾಜರು.

ಈ ಸಂಗತಿ ನಮ್ಮ ಪೂರ್ವಿಕರಿಗೆ ಹೊಸದಲ್ಲ. ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನು, ಗಾಳಿಯನ್ನು ಹಿಡಿಯುವುದೂ ಮನಸ್ಸನ್ನು ಹಿಡಿಯುವುದೂ ಒಂದೇ ಎಂದು ಕೈಚೆಲ್ಲುತ್ತಾನೆ. ಕೃಷ್ಣನು ಆ ಮಾತನ್ನು ಅಲ್ಲಗಳೆಯುವುದಿಲ್ಲ. ಕಷ್ಟವೆಂಬುದನ್ನು ಮೊದಲು ಒಪ್ಪಿಕೊಂಡು, ಬಳಿಕ ಅಭ್ಯಾಸ ವೈರಾಗ್ಯಗಳೆಂಬ ಎರಡು ಉಪಾಯಗಳನ್ನು ಹೇಳುತ್ತಾನೆ. ಪತಂಜಲಿಯೂ ಯೋಗಸೂತ್ರದಲ್ಲಿ ಇವೆರಡನ್ನೇ ಹೇಳಿದ್ದಾನೆ. ವೈರಾಗ್ಯದ ಮಾತು ನನ್ನಂಥ ವಿದ್ಯಾರ್ಥಿಗೆ ದೊಡ್ಡದಾಯಿತು. ಅಭ್ಯಾಸದ ವಿಚಾರವನ್ನಾದರೂ ನೋಡೋಣ.

೧. ಮೂರು ತಾಲ್ಲೂಕುಗಳ ಮೂರು ಪದ್ಧತಿಗಳು

ನಮ್ಮ ಕಾಲೇಜಿಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಈ ಸೀಮೆಯನ್ನು ತುಂಗೆ ಭದ್ರೆಯರೆಂಬ ಎರಡು ನದಿಗಳು ಸಾಕುತ್ತಿವೆ. ಎರಡೂ ಹುಟ್ಟುವುದು ವರಾಹಪರ್ವತದ ಗಂಗಾಮೂಲದಲ್ಲಿ. ಹುಟ್ಟಿದ ಮೇಲೆ ಒಂದು ಶೃಂಗೇರಿ, ಹರಿಹರಪುರಗಳ ಕಡೆಗೂ ಇನ್ನೊಂದು ಬಾಳೆಹೊನ್ನೂರಿನ ಕಡೆಗೂ ಹೋಗಿ, ಕೊನೆಗೆ ಶಿವಮೊಗ್ಗೆಯ ಹತ್ತಿರ ಕೂಡಲಿಯಲ್ಲಿ ಸೇರುತ್ತವೆ. ಇಲ್ಲಿಯ ಧರ್ಮಸಾಧನೆಗಳೂ ಹೀಗೆಯೇ ಬೇರೆ ಬೇರೆ ದಾರಿ ಹಿಡಿದಿವೆ. ಒಂದು ಬಿಡುವಿನ ದಿನ ಗೆಳೆಯರು ನಾಲ್ಕೈದು ಮಂದಿ ಕುಳಿತು, ನಮ್ಮ ನಮ್ಮ ಮನೆಗಳಲ್ಲಿ ದಿನವೂ ನಡೆಯುವುದೇನೆಂದು ಹೇಳಿಕೊಂಡೆವು. ಆಗ ಕೇಳಿದ್ದನ್ನೂ ಅನಂತರ ವಿಚಾರಿಸಿ ತಿಳಿದದ್ದನ್ನೂ ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು ನಮ್ಮ ಮನೆಯಲ್ಲಿ ನಡೆಯುವ ಸಂಧ್ಯಾವಂದನೆ. 'ಸಂಧ್ಯಾ' ಎಂದರೆ ಕೂಡುವ ಹೊತ್ತು. ಇರುಳು ಹಗಲುಗಳು ಕೂಡುವಾಗ, ನಡುಹಗಲಿನಲ್ಲಿ, ಹಗಲು ಇರುಳುಗಳು ಕೂಡುವಾಗ, ಹೀಗೆ ದಿನಕ್ಕೆ ಮೂರು ಬಾರಿ ಇದನ್ನು ಮಾಡುವರು. ಆಚಮನ, ಪ್ರಾಣಾಯಾಮ, ಸಂಕಲ್ಪ, ಮಾರ್ಜನ, ಅರ್ಘ್ಯ, ಗಾಯತ್ರೀಜಪ, ಉಪಸ್ಥಾನ ಮುಂತಾದವು ಇದರ ಅಂಗಗಳು. ಜಪವನ್ನು ಬೆರಳಿನ ಗೆಣ್ಣುಗಳ ಮೇಲೆ ಎಣಿಸಿ ೧೦, ೨೮ ಅಥವಾ ೧೦೮ ಬಾರಿ ಮಾಡುತ್ತಾರೆ.

ಇದರಲ್ಲಿ ಸಂಕಲ್ಪವೆಂಬ ಭಾಗವನ್ನು ನಾನು ಬಹಳ ವರ್ಷ ಬಾಯಿಪಾಠವಾಗಿ ಒದರುತ್ತಿದ್ದೆ. ಅದರ ಅರ್ಥವನ್ನು ಈಚೆಗೆ ಗಮನಿಸಿದಾಗ ಬೆರಗಾದೆ. ಕುಳಿತವನು ಮೊದಲು ತಾನು ಎಲ್ಲಿದ್ದೇನೆಂದು ಹೇಳಿಕೊಳ್ಳುತ್ತಾನೆ: ಜಂಬೂದ್ವೀಪ, ಭಾರತವರ್ಷ, ಗೋದಾವರಿಯ ದಕ್ಷಿಣ ತೀರ. ಅನಂತರ ಯಾವಾಗ ಇದ್ದೇನೆಂದು ಹೇಳಿಕೊಳ್ಳುತ್ತಾನೆ: ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ. ಆಮೇಲೆ ಏನು ಮಾಡುತ್ತೇನೆಂದು ಹೇಳಿಕೊಳ್ಳುತ್ತಾನೆ. ಇದು ತನ್ನ ಹಾಜರಿಯನ್ನು ತಾನೇ ಕರೆದುಕೊಂಡಂತೆ ಅಲ್ಲವೆ? 'ಈ ಊರಿನಲ್ಲಿ, ಈ ದಿನ, ಈ ಕೆಲಸಕ್ಕೆ ನಾನು ಇದ್ದೇನೆ' ಎಂಬುದೇ ಅದರ ತಾತ್ಪರ್ಯ. ಗಾಯತ್ರಿಯಲ್ಲಿ ಬೇಡುವುದು ಹಣವನ್ನೂ ಅಲ್ಲ, ಆಯುಷ್ಯವನ್ನೂ ಅಲ್ಲ. ಬುದ್ಧಿಗೆ ಒಳ್ಳೆಯ ಪ್ರೇರಣೆಯನ್ನು. ಪರೀಕ್ಷೆಯಲ್ಲಿ ಅಂಕಗಳನ್ನು ಬೇಡುವುದಕ್ಕಿಂತ ಇದು ಮೇಲಲ್ಲವೆ?

ಎರಡನೆಯದನ್ನು ಹೇಳಿದವನು ನರಸಿಂಹರಾಜಪುರದ ಕಡೆಯ ಜೈನ ಮಿತ್ರ. ಆ ಊರಿಗೆ ಮೊದಲು ಎಡೆಹಳ್ಳಿ ಎಂದು ಹೆಸರಿತ್ತು. ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಅದಕ್ಕೆ ಆಮೇಲೆ ಬಂದದ್ದು. ಅಲ್ಲಿಯ ಸಿಂಹನಗದ್ದೆ ಬಸ್ತಿಯ ಜ್ವಾಲಾಮಾಲಿನಿಯು ಎಂಟನೆಯ ತೀರ್ಥಂಕರ ಚಂದ್ರಪ್ರಭನ ಯಕ್ಷಿ. ಜೈನಶ್ರಾವಕರ ನಿತ್ಯಸಾಧನೆಗಳಲ್ಲಿ ಸಾಮಾಯಿಕವೆಂಬುದೊಂದು. ಅದಕ್ಕೆ ಕಾಲದ ಅಳತೆ ಗೊತ್ತಾಗಿದೆ. ಹಗಲಿರುಳನ್ನು ಮೂವತ್ತು ಮುಹೂರ್ತಗಳಾಗಿ ಪಾಲು ಮಾಡಿದರೆ ಒಂದು ಮುಹೂರ್ತಕ್ಕೆ ೪೮ ನಿಮಿಷ ಬರುತ್ತದೆ. ಅಷ್ಟು ಹೊತ್ತು ಒಂದೆಡೆ ಕುಳಿತು ಅಥವಾ ನಿಂತು, ಎಲ್ಲ ಜೀವಿಗಳಲ್ಲೂ, ಲಾಭದಲ್ಲೂ ನಷ್ಟದಲ್ಲೂ ಸಮನಾಗಿರಲು ಯತ್ನಿಸುವುದು. 'ಅಷ್ಟು ಹೊತ್ತಿನ ಮಟ್ಟಿಗೆ ಗೃಹಸ್ಥನೂ ಮುನಿಯಂತೆ' ಎಂದು ಅವನ ಅಜ್ಜಿ ಹೇಳುತ್ತಿದ್ದರಂತೆ. ಇದರ ಜೊತೆಗೆ ಪ್ರತಿಕ್ರಮಣವೆಂಬುದು ಇದೆ. ತಾನು ಮಾಡಿದ ತಪ್ಪುಗಳನ್ನು ಒಂದೊಂದಾಗಿ ನೆನೆದು ಅವುಗಳಿಂದ ಹಿಂದಿರುಗುವುದು. ಆ ಮಿತ್ರನು ನಕ್ಕು, "ನಾವು ನಲವತ್ತೆಂಟು ನಿಮಿಷ ಕುಳಿತರೆ ಅದರಲ್ಲಿ ನಲವತ್ತು ನಿಮಿಷ ಪ್ರತಿಕ್ರಮಣಕ್ಕೇ ಬೇಕಾಗುತ್ತದೆ" ಎಂದ.

ಮೂರನೆಯದು ಇಷ್ಟಲಿಂಗ ಪೂಜೆ. ವೀರಶೈವರ ಪಂಚಪೀಠಗಳಲ್ಲಿ ಒಂದಾದ ರಂಭಾಪುರಿ ಪೀಠವು ಇದೇ ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರಿನಲ್ಲಿ ಭದ್ರೆಯ ದಡದಲ್ಲಿದೆ. ಮೈಮೇಲೆ ಧರಿಸಿದ ಲಿಂಗವನ್ನು ಎಡಗೈಯ ಅಂಗೈಯಲ್ಲಿಟ್ಟುಕೊಂಡು, ವಿಭೂತಿ ಪತ್ರೆಗಳಿಂದ ಅರ್ಚಿಸಿ, ಕಣ್ಣನ್ನು ಅದರ ಮೇಲೆ ನಿಲ್ಲಿಸಿ ಪಂಚಾಕ್ಷರಿಯನ್ನು ಜಪಿಸುವುದು ಇದರ ಕ್ರಮ. ಕಣ್ಣು ಮುಚ್ಚಿದರೆ ಮನಸ್ಸು ಊರೆಲ್ಲ ಸುತ್ತುವುದೆಂದು ನಾವು ದೂರುತ್ತೇವೆ. ಇಲ್ಲಿ ಕಣ್ಣು ಮುಚ್ಚಬೇಕಾದುದೇ ಇಲ್ಲ. ದೃಷ್ಟಿ ನಿಂತರೆ ಅದರ ಹಿಂದೆ ಮನಸ್ಸೂ ನಿಲ್ಲಲು ಕಲಿಯುತ್ತದೆಂಬುದು ಇದರೊಳಗಿನ ಯುಕ್ತಿ. ದೇವರು ಗುಡಿಯಲ್ಲಿಲ್ಲ, ಅಂಗೈಯಲ್ಲಿದ್ದಾನೆ. ಆದುದರಿಂದ ಪ್ರಯಾಣದಲ್ಲಿದ್ದೇನೆಂಬ ನೆಪವೂ ನಡೆಯದು.

ಇನ್ನೂ ಉಂಟು. ನಮ್ಮ ಜೊತೆಯ ಮುಸ್ಲಿಂ ಮಿತ್ರನು ದಿನಕ್ಕೆ ಐದು ಬಾರಿ, ಕೈಕಾಲು ಮುಖ ತೊಳೆದು, ಒಂದೇ ದಿಕ್ಕಿಗೆ ತಿರುಗಿ ನಮಾಜು ಮಾಡುತ್ತಾನೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ೧೯೦೪ರಲ್ಲಿ ಜನಿಸಿದ ಕುವೆಂಪು ಅವರು ವಿದ್ಯಾರ್ಥಿಯಾಗಿ ಮೈಸೂರಿನ ರಾಮಕೃಷ್ಣಾಶ್ರಮದಲ್ಲಿದ್ದು ಧ್ಯಾನ ಪ್ರಾರ್ಥನೆಗಳ ಜೊತೆಯಲ್ಲೇ ತಮ್ಮ ಓದನ್ನೂ ಬರೆಹವನ್ನೂ ಬೆಳೆಸಿಕೊಂಡರು. ಮಂತ್ರಮಾಂಗಲ್ಯವನ್ನು ಬೋಧಿಸಿದ, ಪುರೋಹಿತಶಾಹಿಯನ್ನು ಖಂಡಿಸಿದ ಅವರೇ ಧ್ಯಾನವನ್ನು ಬಿಡಲಿಲ್ಲವೆಂಬುದನ್ನು ನಾವು ಗಮನಿಸಬೇಕು.

ಈ ಪದ್ಧತಿಗಳ ದೇವರು ಬೇರೆ, ಭಾಷೆ ಬೇರೆ, ತತ್ತ್ವ ಬೇರೆ. ಎಲ್ಲವೂ ಒಂದೇ ಎಂದು ಹೇಳಿ ಕೈತೊಳೆದುಕೊಳ್ಳುವುದು ನನಗೆ ಸರಿತೋರದು. ಆದರೆ ಸಾಧನೆಯ ಕಟ್ಟಿನಲ್ಲಿ ನಾಲ್ಕು ಅಂಶಗಳು ಎಲ್ಲದರಲ್ಲೂ ಕಾಣುತ್ತವೆ. ಗೊತ್ತಾದ ಹೊತ್ತು, ದೇಹಕ್ಕೆ ಒಂದು ಶುದ್ಧಿ ಮತ್ತು ಒಂದು ಭಂಗಿ, ಮನಸ್ಸು ಹಿಡಿದುಕೊಳ್ಳಲು ಒಂದು ಆಸರೆ, ಅದು ಶಬ್ದವಾಗಲಿ, ಉಸಿರಾಗಲಿ, ಲಿಂಗವಾಗಲಿ, ಮತ್ತು ಮನಸ್ಸು ಇಷ್ಟಪಟ್ಟರೂ ಪಡದಿದ್ದರೂ ನಾಳೆ ಮತ್ತೆ ಮಾಡುವ ಕಟ್ಟುಪಾಡು.

೨. ಎಚ್ಚರವೆಂದರೇನು?

ಇಂದು ಪಾಶ್ಚಾತ್ಯ ದೇಶಗಳಲ್ಲಿ ಎಚ್ಚರದ ಸಾಧನೆಯೆಂಬುದು ಆಸ್ಪತ್ರೆಗಳಿಗೂ ಶಾಲೆಗಳಿಗೂ ಬಂದಿದೆ. ೧೯೭೯ರಲ್ಲಿ ಜಾನ್ ಕಬಾಟ್-ಜಿನ್ ಎಂಬವರು ಮಸಾಚುಸೆಟ್ಸ್ ವಿಶ್ವವಿದ್ಯಾನಿಲಯದ ವೈದ್ಯಕೀಯ ವಿಭಾಗದಲ್ಲಿ ದೀರ್ಘಕಾಲದ ನೋವಿನಿಂದ ನರಳುವವರಿಗೆ ಎಂಟು ವಾರಗಳ ಒಂದು ಶಿಕ್ಷಣಕ್ರಮವನ್ನು ಏರ್ಪಡಿಸಿದರು. ಅವರು ಅದನ್ನು ಬೌದ್ಧರ ಸ್ಮೃತಿಸಾಧನೆಯಿಂದ ತೆಗೆದುಕೊಂಡರು. ಪಾಳಿಯಲ್ಲಿ 'ಸತಿ' ಎನ್ನುವ ಮಾತೇ ಸಂಸ್ಕೃತದಲ್ಲಿ 'ಸ್ಮೃತಿ'. ಇಲ್ಲಿ ಸ್ಮೃತಿಯೆಂದರೆ ಹಳೆಯದರ ನೆನಪಲ್ಲ, ಈಗ ನಡೆಯುತ್ತಿರುವುದರ ನೆನಪು. ಉಣ್ಣುವಾಗ ಉಣ್ಣುತ್ತಿದ್ದೇನೆಂಬ ನೆನಪು, ಕೋಪ ಬಂದಾಗ ಕೋಪ ಬಂದಿದೆಯೆಂಬ ನೆನಪು. ಇದಕ್ಕೆ ವಿರುದ್ಧವಾದುದು ಪ್ರಮಾದ. ನಾವು ಕನ್ನಡದಲ್ಲಿ ಪ್ರಮಾದವೆಂದರೆ ದೊಡ್ಡ ತಪ್ಪು ಎಂದು ಬಳಸುತ್ತೇವೆ. ಅದರ ಮೊದಲ ಅರ್ಥ ಮೈಮರೆವು. ಮೈಮರೆವೇ ತಪ್ಪಿನ ತಾಯಿ ಎಂಬುದು ಆ ಒಂದು ಶಬ್ದದ ಚರಿತ್ರೆಯಲ್ಲೇ ಅಡಗಿದೆ. ಯೋಗಸಾಧನೆಗೆ ಅಡ್ಡಬರುವ ಒಂಬತ್ತು ವಿಘ್ನಗಳನ್ನು ಎಣಿಸುವಾಗ ಪತಂಜಲಿಯು ರೋಗ, ಸಂಶಯ, ಆಲಸ್ಯಗಳ ಜೊತೆಗೆ ಇದನ್ನೂ ಸೇರಿಸಿದ್ದಾನೆ.

ಅಭ್ಯಾಸವು ನೆಲೆಗೊಳ್ಳಲು ಮೂರು ನಿಯಮಗಳನ್ನೂ ಅವನು ಹೇಳುತ್ತಾನೆ: ಬಹುಕಾಲ ಮಾಡಬೇಕು, ನಡುವೆ ಬಿಡದೆ ಮಾಡಬೇಕು, ಆದರದಿಂದ ಮಾಡಬೇಕು. ನಾವು ಸಾಮಾನ್ಯವಾಗಿ ಮೂರರಲ್ಲಿ ಎರಡನ್ನು ಸಾಧಿಸಿ ಮೂರನೆಯದನ್ನು ಕಳೆದುಕೊಳ್ಳುತ್ತೇವೆ. ಹಿರಿಯರು ಬಹುಕಾಲ ಬಿಡದೆ ಮಾಡಿ ಆದರವನ್ನು ಮರೆತಿರಬಹುದು. ಆಗ ಅದು ಗಿರಣಿಯ ಸದ್ದಾಗುತ್ತದೆ. ನಾವು ಯುವಕರು ಮೂರು ದಿನ ಬಹಳ ಆದರದಿಂದ ಮಾಡಿ ನಾಲ್ಕನೆಯ ದಿನ ಮರೆಯುತ್ತೇವೆ. ಆಗ ಅದು ಮಳೆಗಾಲದ ಅಣಬೆಯಾಗುತ್ತದೆ.

ಶೃಂಗೇರಿಯಲ್ಲಿ ಈ ಮೂರೂ ಕೂಡಿದ ಬಾಳನ್ನು ಕಂಡವರ ಮಾತುಗಳು ಇಂದಿಗೂ ಹಳಬರ ಬಾಯಲ್ಲಿವೆ. ೧೯೧೨ರಿಂದ ೧೯೫೪ರವರೆಗೆ ಪೀಠದಲ್ಲಿದ್ದ ಶ್ರೀ ಚಂದ್ರಶೇಖರಭಾರತೀ ಸ್ವಾಮಿಗಳು ಅಂತರ್ಮುಖಿಗಳೆಂದು ಹೆಸರಾದವರು. ಅವರು ವಿವೇಕಚೂಡಾಮಣಿಗೆ ವ್ಯಾಖ್ಯಾನ ಬರೆದ ವಿದ್ವಾಂಸರೂ ಹೌದು. ಪರಮತದವರು ಬಂದು ತಮ್ಮ ಮತವನ್ನು ಬಿಡುವ ಮಾತೆತ್ತಿದರೆ, ಮೊದಲು ನಿಮ್ಮ ಮತವನ್ನು ಚೆನ್ನಾಗಿ ತಿಳಿದು ಅದರಂತೆ ನಡೆಯಿರಿ ಎಂಬ ಅಭಿಪ್ರಾಯ ಅವರದಾಗಿತ್ತೆಂದು ಪ್ರಸಿದ್ಧಿ. ಶೃಂಗೇರಿಗೆ ಹೋದವರು ಹದಿನಾಲ್ಕನೆಯ ಶತಮಾನದ ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿಸ್ತಂಭಗಳನ್ನು ನೋಡಿಯೇ ಇರುತ್ತಾರೆ. ಸೂರ್ಯನ ಕಿರಣವು ಆಯಾ ತಿಂಗಳು ಆಯಾ ಕಂಬದ ಮೇಲೆ ಬೀಳುವುದೆಂದು ಅಲ್ಲಿಯವರು ಹೇಳುತ್ತಾರೆ. ಆ ಕಂಬಗಳ ನಡುವೆ ನಿಂತಾಗ ನನಗೆ ನಮ್ಮ ಸಂಕಲ್ಪವೇ ಕಲ್ಲಿನಲ್ಲಿ ನಿಂತಂತೆ ಕಂಡಿತು: ಇಂದು ಯಾವ ಮಾಸ, ನೀನೆಲ್ಲಿ ನಿಂತಿದ್ದೀಯೆ?

೩. ಮೂರು ಆಕ್ಷೇಪಗಳು

ಇಷ್ಟು ಹೇಳಿದ ಮೇಲೆ ಗೆಳೆಯರು ಎತ್ತಿದ ಆಕ್ಷೇಪಗಳಿಗೂ ಉತ್ತರ ಹೇಳಬೇಕು.

ಕಾಫಿ ತೋಟದ ಲೈನಿನ ಮನೆಯಿಂದ ಬರುವ ಒಬ್ಬ ಮಿತ್ರನು, "ಇವೆಲ್ಲ ಬಿಡುವಿದ್ದವರ ಮಾತು. ನನ್ನ ತಾಯಿ ಬೆಳಿಗ್ಗೆ ಐದಕ್ಕೆ ಎದ್ದು ಅಡಿಗೆ ಮಾಡಿ ಏಳೂವರೆಗೆ ತೋಟದಲ್ಲಿರಬೇಕು. ನಿಮ್ಮ ಮಂತ್ರವನ್ನು ಹೇಳುವ ಅಧಿಕಾರವನ್ನಾದರೂ ಅವಳಿಗೆ ಯಾರು ಕೊಟ್ಟಿದ್ದರು?" ಎಂದ. ಈ ಮಾತಿಗೆ ನಾನು ತಲೆ ತಗ್ಗಿಸಿದೆ. ಎಚ್ಚರವಾಗಿರುವ ಹಕ್ಕು ಕೆಲವರಿಗೇ ಸೇರಿದ್ದೆಂದು ಬಹುಕಾಲ ನಡೆದುಬಂದುದು ನಮ್ಮ ಸಮಾಜದ ತಪ್ಪು. ಅದನ್ನು ಮುಚ್ಚಿಟ್ಟು ಸಾಧನೆಯ ಹಿರಿಮೆಯನ್ನು ಹಾಡುವುದು ಸುಳ್ಳಾಗುತ್ತದೆ. ಆದರೆ ಅದೇ ಮಿತ್ರನು ಮರುದಿನ ಬಂದು, ತನ್ನ ತಾಯಿ ಸಂಜೆ ದೀಪ ಹಚ್ಚಿ ಎರಡು ನಿಮಿಷ ಕಣ್ಣುಮುಚ್ಚಿ ನಿಲ್ಲುವಳೆಂದೂ, ಆ ಎರಡು ನಿಮಿಷ ಮನೆಯಲ್ಲಿ ಯಾರೂ ಅವಳನ್ನು ಕರೆಯುವುದಿಲ್ಲವೆಂದೂ ಹೇಳಿದ. "ದಿನದಲ್ಲಿ ಅವಳಿಗೆ ಅಂತ ಇರೋದು ಅದೊಂದೇ" ಎಂದ. ಅವನ ಆಕ್ಷೇಪಕ್ಕೂ ಅವನೇ ಕೊಟ್ಟ ಈ ಉತ್ತರಕ್ಕೂ ನಾನು ಏನನ್ನೂ ಸೇರಿಸಲಾರೆ.

ಎರಡನೆಯ ಆಕ್ಷೇಪ: ಕೆಲಸವೇ ಧ್ಯಾನ, ಬೇರೆ ಅನುಷ್ಠಾನವೇಕೆ? ಇದರಲ್ಲಿ ಸತ್ಯವಿದೆ. ನಮ್ಮ ಕಡೆ ಅಡಕೆಮರವೇರುವ ಕೊನೆಗಾರನನ್ನು ನೋಡಿರಿ. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿ ಮಾಡಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸಬೇಕು. ಪಾಚಿ ಹಿಡಿದು ಜಾರುವ ಮರ. ಕಾಲಿಗೆ ಒಂದು ತಳೆ. ಒಂದು ಮರದಿಂದ ಇನ್ನೊಂದು ಮರಕ್ಕೆ ಬಾಗಿ ದಾಟುವಾಗ ಅವನ ಮನಸ್ಸು ಎಲ್ಲಿರುತ್ತದೆ? ಇದ್ದಲ್ಲೇ ಇರುತ್ತದೆ, ಇಲ್ಲದಿದ್ದರೆ ಅವನು ಉಳಿಯುವುದಿಲ್ಲ. ಒಮ್ಮೆ ಅಂಥ ಒಬ್ಬ ಹಿರಿಯನನ್ನು ಕೇಳಿದೆ. "ಮೇಲೆ ಇರುವಾಗ ಮನೆ ನೆನಪಾಗಬಾರದು. ಕೆಳಗೆ ಇಳಿದ ಮೇಲೆ ಎಲ್ಲಾ ನೆನಪಾಗುತ್ತದೆ, ಆಗ ಕುಡಿಯಬೇಕು ಅನ್ನಿಸುತ್ತದೆ" ಎಂದು ಅವನು ಹೇಳಿದ. ಈ ಉತ್ತರದ ಎರಡನೆಯ ಭಾಗ ನನ್ನನ್ನು ಯೋಚನೆಗೆ ಹಚ್ಚಿತು. ಅಪಾಯವು ಮನಸ್ಸನ್ನು ನಿಲ್ಲಿಸಬಲ್ಲುದು. ಆದರೆ ಅಪಾಯ ಮುಗಿದೊಡನೆ ಮನಸ್ಸು ಮೊದಲಿನಂತೆಯೇ ಆಗುತ್ತದೆ. ಯಾವ ಅಪಾಯವೂ ಇಲ್ಲದ ಹೊತ್ತಿನಲ್ಲಿ, ನೆಲದ ಮೇಲೆ ಕುಳಿತು, ತಾನಾಗಿಯೇ ನಿಲ್ಲುವುದನ್ನು ಕಲಿಸುವುದಕ್ಕೇ ಅನುಷ್ಠಾನ ಬೇಕು.

ಮೂರನೆಯ ಆಕ್ಷೇಪ ನನ್ನದೇ. ಇದು ಕಷ್ಟದಿಂದ ಮುಖ ತಿರುಗಿಸುವ ಉಪಾಯವಲ್ಲವೆ? ಇದಕ್ಕೆ ಉತ್ತರ ಹೇಳಬೇಕಾದರೆ ಮನೆಯ ಸಂಗತಿಯನ್ನು ಸ್ವಲ್ಪ ಹೇಳಬೇಕಾಗುತ್ತದೆ.

೪. ಹಳದಿಯಾದ ತೋಟ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ಅಡಕೆಯ ಹಳದಿ ಎಲೆ ರೋಗವನ್ನು ಅರಿಯದವರಿಲ್ಲ. ಫೈಟೋಪ್ಲಾಸ್ಮಾ ಎಂಬ ಅತಿ ಸೂಕ್ಷ್ಮಜೀವಿ ಇದಕ್ಕೆ ಕಾರಣವೆಂದೂ, ಎಲೆಯ ರಸ ಹೀರುವ ಒಂದು ಜಿಗಿಹುಳು ಇದನ್ನು ಮರದಿಂದ ಮರಕ್ಕೆ ಒಯ್ಯುವುದೆಂದೂ ವಿಜ್ಞಾನಿಗಳು ಕಂಡುಹಿಡಿದಿದ್ದಾರೆ. ಸೋಗೆಯ ತುದಿ ಹಳದಿಯಾಗುತ್ತದೆ. ವರ್ಷ ವರ್ಷಕ್ಕೆ ತಲೆ ಚಿಕ್ಕದಾಗುತ್ತದೆ. ಕಾಯಿಯ ತಿರುಳು ಕಪ್ಪಾಗಿ ಮೆತ್ತಗಾಗುತ್ತದೆ. ಮರ ಒಂದೇ ಸಲಕ್ಕೆ ಸಾಯುವುದಿಲ್ಲ. ಆಸೆ ಇಟ್ಟುಕೊಳ್ಳುವಷ್ಟು ನಿಧಾನವಾಗಿ ಸಾಯುತ್ತದೆ. ರೋಗವನ್ನು ವಾಸಿಮಾಡುವ ಮದ್ದು ಇಲ್ಲ. ರೋಗವಿರುವ ತೋಟದಲ್ಲೂ ಹಸುರಾಗಿ ಉಳಿದ ಮರಗಳಿಂದ ಬೀಜ ಆರಿಸುವುದು, ಗೊಬ್ಬರ ಬಸಿಗಾಲುವೆಗಳನ್ನು ಸರಿಯಾಗಿಟ್ಟುಕೊಳ್ಳುವುದು, ಕಾಫಿ ಕಾಳುಮೆಣಸುಗಳನ್ನು ನಂಬುವುದು, ಇಷ್ಟೇ ದಾರಿ. ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವೂ ಇದರೊಡನೆ ಸೇರಿಕೊಂಡಿದೆ.

ನಮ್ಮ ತೋಟ ಈ ರೋಗಕ್ಕೆ ಸಿಕ್ಕಿ ಹಲವು ವರ್ಷಗಳಾದವು. ಹಾಜರಿ ಕರೆಯುವಾಗ ನನ್ನ ಮನಸ್ಸು ಹೋಗಿದ್ದುದು ಅಲ್ಲಿಗೇ. ಹಿಂದಿನ ರಾತ್ರಿ ಮನೆಯಲ್ಲಿ ಸಾಲದ ಮಾತು ನಡೆದಿತ್ತು. ಓದನ್ನು ಬಿಟ್ಟು ಬೆಂಗಳೂರಿಗೆ ಹೋಗಿ ಯಾವುದಾದರೊಂದು ಕೆಲಸಕ್ಕೆ ಸೇರುವುದೆಂದು ನಾನು ಒಳಗೊಳಗೇ ನಿಶ್ಚಯಿಸಿದ್ದೆ. ಅಂದು ಸಂಜೆ ಮನೆಗೆ ಹೋದಾಗ ತಂದೆಯವರು ಎಂದಿನಂತೆ ಸಂಧ್ಯಾವಂದನೆಗೆ ಕುಳಿತಿದ್ದರು. ನನಗೆ ಸಿಟ್ಟು ಬಂದಿತು. ಅವರು ಏಳುವವರೆಗೂ ತಡೆಯದೆ, "ತೋಟ ಹೋಗುತ್ತಾ ಇದೆ. ಇದರಿಂದ ಏನಾಗುತ್ತದೆ?" ಎಂದೆ.

ಅವರು ಜಪವನ್ನು ಮುಗಿಸಿ ಎದ್ದು ಬಂದು, "ತೋಟಕ್ಕೆ ಏನೂ ಆಗುವುದಿಲ್ಲ. ತೋಟ ನೋಡುವವನಿಗೆ ಆಗುತ್ತದೆ" ಎಂದರು. ಅಷ್ಟೆ. ಮುಂದೆ ಉಪದೇಶವೇನೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಅವರು ಸುಣ್ಣದ ಡಬ್ಬಿ ಹಿಡಿದುಕೊಂಡು ತೋಟಕ್ಕೆ ಹೊರಟರು. ನಾನೂ ಹಿಂದೆ ಹೋದೆ. ಹಸುರಾಗಿ ಉಳಿದ ಒಂದೊಂದು ಮರಕ್ಕೂ ಅವರು ಸುಣ್ಣದ ಪಟ್ಟೆ ಬಳಿದರು. ನಾನು ಅದೇ ತೋಟವನ್ನು ಎರಡು ವರ್ಷದಿಂದ ನೋಡುತ್ತಿದ್ದೆ. ನನಗೆ ಹಳದಿಯೊಂದೇ ಕಾಣುತ್ತಿತ್ತು. ಒಂದು ಮೂಲೆಯಲ್ಲಿ ಒಟ್ಟೊಟ್ಟಿಗೆ ಹನ್ನೊಂದು ಹಸುರು ಮರಗಳಿದ್ದುದನ್ನು ನಾನು ಒಂದು ದಿನವೂ ನೋಡಿರಲಿಲ್ಲ. ಮುಖ ತಿರುಗಿಸಿಕೊಂಡಿದ್ದವನು ಯಾರು? ಜಪಕ್ಕೆ ಕುಳಿತವರೋ, ಚಿಂತೆಗೆ ಕುಳಿತವನೋ? ಚಿಂತೆಯೆಂದರೆ ಕಷ್ಟವನ್ನು ನೋಡುವುದೆಂದು ನಾನು ತಿಳಿದಿದ್ದೆ. ಚಿಂತೆಯು ಕಷ್ಟವನ್ನು ನೋಡಲು ಬಿಡುವುದೇ ಇಲ್ಲ.

ಅನುಷ್ಠಾನದಿಂದ ನಮ್ಮ ತೋಟ ಉಳಿಯಿತೆಂದು ನಾನು ಬರೆಯುತ್ತಿಲ್ಲ. ತೋಟ ಇನ್ನೂ ಹಳದಿಯಾಗಿಯೇ ಇದೆ, ಸಾಲವೂ ಇದೆ. ಆದರೆ ಆ ದಿನದಿಂದ ಈ ವಿಷಯವನ್ನು ಪರೀಕ್ಷಿಸಿ ನೋಡಬೇಕೆಂಬ ಬುದ್ಧಿ ನನಗೆ ಬಂದಿತು.

೫. ನನ್ನ ಒಂದು ಮಂಡಲ

ನಮ್ಮಲ್ಲಿ ೪೮ ದಿನಗಳಿಗೆ ಒಂದು ಮಂಡಲವೆನ್ನುತ್ತಾರೆ. ಅಷ್ಟು ದಿನ ಬೆಳಿಗ್ಗೆ ಗೊತ್ತಾದ ಹೊತ್ತಿಗೆ ಕುಳಿತು ನೂರೆಂಟು ಜಪ ಮಾಡುವುದೆಂದೂ, ಮನಸ್ಸು ಹೊರಗೆ ಹೋದುದು ತಿಳಿದಾಗಲೆಲ್ಲ ಒಂದು ಕಾಳುಮೆಣಸನ್ನು ಪಕ್ಕದ ಬಟ್ಟಲಿಗೆ ಹಾಕುವುದೆಂದೂ ನಿಯಮ ಮಾಡಿಕೊಂಡೆ. ಪುಸ್ತಕದಲ್ಲಿ ಲೆಕ್ಕ ಬರೆದಿಟ್ಟೆ. ಫಲವನ್ನು ಮರೆಮಾಚದೆ ಹೇಳುತ್ತೇನೆ. ೪೮ ದಿನಗಳಲ್ಲಿ ೭ ದಿನ ತಪ್ಪಿತು. ಮೊದಲ ವಾರ ಲೆಕ್ಕ ತಪ್ಪದೆ ನೂರೆಂಟನ್ನು ಒಂದು ದಿನವೂ ಮುಗಿಸಲಿಲ್ಲ. ಆದರೂ ಬಟ್ಟಲಿನಲ್ಲಿ ಬಿದ್ದದ್ದು ನಾಲ್ಕೈದು ಕಾಳುಗಳೇ. ಮೂರನೆಯ ವಾರದಲ್ಲಿ ಕಾಳುಗಳು ಇಪ್ಪತ್ತಕ್ಕೇರಿದವು. ನಾನು ಕೆಡುತ್ತಿದ್ದೇನೆಂದು ಹೆದರಿದೆ. ತಂದೆಯವರನ್ನು ಕೇಳಿದರೆ ನಕ್ಕು, "ಮೊದಲು ಕಳ್ಳ ಬಂದದ್ದೇ ಗೊತ್ತಾಗುತ್ತಿರಲಿಲ್ಲ" ಎಂದರು.

ಆಗ ನನಗೆ ವಿಷಯ ತಿಳಿಯಿತು. ಮನಸ್ಸು ಅಲೆಯುವುದು ಹೆಚ್ಚಾಗಿರಲಿಲ್ಲ. ಅಲೆದುದು ತಿಳಿಯುವುದು ಹೆಚ್ಚಾಗಿತ್ತು. ಮೊದಲು ಹೋದ ಮನಸ್ಸು ಹತ್ತು ನಿಮಿಷ ಬರುತ್ತಿರಲಿಲ್ಲ. ಈಗ ಹತ್ತು ಉಸಿರಿನೊಳಗೆ ಬರುತ್ತಿತ್ತು. ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ ತಮ್ಮ ೧೮೯೦ರ ಮನಶ್ಶಾಸ್ತ್ರದ ಗ್ರಂಥದಲ್ಲಿ, ಅಲೆಯುವ ಗಮನವನ್ನು ಮತ್ತೆ ಮತ್ತೆ ಹಿಂದಕ್ಕೆ ತರುವ ಶಕ್ತಿಯೇ ವಿವೇಕಕ್ಕೂ ಶೀಲಕ್ಕೂ ಬೇರು ಎಂಬರ್ಥದ ಮಾತನ್ನು ಹೇಳಿದ್ದಾರೆ. ಇದನ್ನು ಬೆಳೆಸುವ ಶಿಕ್ಷಣವೇ ಉತ್ತಮ ಶಿಕ್ಷಣವೆಂದೂ, ಆದರೆ ದಾರಿಯನ್ನು ಹೇಳುವುದು ಸುಲಭವಲ್ಲವೆಂದೂ ಅವರ ಅಭಿಪ್ರಾಯ. ನಮ್ಮ ಮನೆಗಳ ಬೆಳಗು ಬೈಗುಗಳಲ್ಲಿ ಆ ದಾರಿ ಇದ್ದೇ ಇದೆಯಲ್ಲಾ ಎಂದು ನನಗೆ ತೋರಿತು.

ಬೆಂಗಳೂರಿಗೆ ಹೋಗುವ ವಿಚಾರವನ್ನು ಒಂದು ದಿನ ತಂದೆತಾಯಿಗಳ ಮುಂದಿಟ್ಟೆ. ಮೊದಲಾದರೆ ಜಗಳವಾಗುತ್ತಿತ್ತು. ಆ ದಿನ ಮೂವರೂ ಸಾಲದ ಕಾಗದಗಳನ್ನು ಬಿಚ್ಚಿ ಕುಳಿತು ಲೆಕ್ಕ ಹಾಕಿದೆವು. ಪದವಿ ಮುಗಿಯಲಿ, ಅಲ್ಲಿಯವರೆಗೆ ಮೆಣಸಿನ ಬಳ್ಳಿಗಳನ್ನು ಹೆಚ್ಚಿಸೋಣವೆಂದು ತೀರ್ಮಾನವಾಯಿತು. ಅದು ಸರಿಯೋ ತಪ್ಪೋ ಕಾಲವೇ ಹೇಳಬೇಕು. ಆದರೆ ಆ ತೀರ್ಮಾನ ಮಾಡುವಾಗ ನಾನು ಅಲ್ಲಿದ್ದೆ.

೬. ವಿದ್ಯಾರ್ಥಿಗಳಿಗೆ ಕೆಲವು ಸೂಚನೆಗಳು

ಅನುಭವವು ಅಲ್ಪವಾದರೂ ಸಹಪಾಠಿಗಳಿಗೆ ಉಪಯೋಗವಾಗಬಹುದೆಂದು ಕೆಲವು ಮಾತುಗಳನ್ನು ಬರೆಯುತ್ತೇನೆ.

ಹೊತ್ತು ಚಿಕ್ಕದಾಗಿರಲಿ, ಗೊತ್ತಾಗಿರಲಿ. ಹತ್ತು ನಿಮಿಷ ಸಾಕು. ಬಸ್ಸಿಗೆ ಹೋಗುವ ಹೊತ್ತು ತಪ್ಪದಿರುವಂತೆ ಇದರ ಹೊತ್ತೂ ತಪ್ಪದಿರಲಿ. ಸಂಚಾರಿ ದೂರವಾಣಿಯನ್ನು ಆ ಕೋಣೆಯಿಂದ ಹೊರಗಿಡಿರಿ. ಅದನ್ನು ಪಕ್ಕದಲ್ಲಿಟ್ಟುಕೊಂಡು ಧ್ಯಾನಕ್ಕೆ ಕೂರುವುದು ಬೆಕ್ಕಿನ ಮುಂದೆ ಹಾಲಿಟ್ಟು ಉಪವಾಸ ಹೇಳಿಕೊಟ್ಟಂತೆ.

ನಿಮ್ಮ ಮನೆಯ ಪದ್ಧತಿ ಯಾವುದೋ ಅದರಿಂದಲೇ ಆರಂಭಿಸಿರಿ. ಅದರ ಅರ್ಥವನ್ನು ಹಿರಿಯರಿಂದ ಕೇಳಿ ತಿಳಿಯಿರಿ. ದೇವರಲ್ಲಿ ನಂಬಿಕೆಯಿಲ್ಲದವರು ಉಸಿರನ್ನು ಎಣಿಸಬಹುದು. ಒಂದರಿಂದ ಹತ್ತರವರೆಗೆ ಎಣಿಸಿ ಮತ್ತೆ ಒಂದಕ್ಕೆ ಬರುವುದು. ತಪ್ಪಿದರೆ ಬೇಸರಪಡದೆ ಒಂದರಿಂದಲೇ ತೊಡಗುವುದು.

ಓದಲು ಕೂರುವ ಮೊದಲು ಅರ್ಧ ನಿಮಿಷ ಒಂದು ಸಂಕಲ್ಪ ಮಾಡಿರಿ: ಎಲ್ಲಿದ್ದೇನೆ, ಎಂದಿದ್ದೇನೆ, ಯಾವ ಪಾಠವನ್ನು ಓದುತ್ತೇನೆ. ರಾತ್ರಿ ಮಲಗುವ ಮುನ್ನ ಜೈನಮಿತ್ರನಿಂದ ಕಲಿತಂತೆ ದಿನವನ್ನು ಒಮ್ಮೆ ಹಿಂದಿರುಗಿ ನೋಡಿರಿ. ತಪ್ಪಿದ ದಿನ ಬಂದರೆ ಅದಕ್ಕಾಗಿ ಅಳುತ್ತ ಕೂರದೆ ಮರುದಿನ ಕುಳಿತರಾಯಿತು.

ಕೊನೆಯದಾಗಿ ಒಂದು ಎಚ್ಚರಿಕೆ. ಅನುಷ್ಠಾನವು ಎಲ್ಲ ಕಾಯಿಲೆಗೂ ಮದ್ದಲ್ಲ. ವಾರಗಟ್ಟಲೆ ನಿದ್ರೆ ಬಾರದೆ, ಅನ್ನ ಸೇರದೆ, ಬದುಕೇ ಬೇಡವೆನ್ನಿಸುವವರಿಗೆ 'ಜಪ ಮಾಡು' ಎಂದು ಹೇಳಿ ಸುಮ್ಮನಾಗುವುದು ಕ್ರೌರ್ಯ. ಅದು ವೈದ್ಯರು ನೋಡಬೇಕಾದ ಸ್ಥಿತಿ. ೨೦೨೨ರ ಅಕ್ಟೋಬರಿನಲ್ಲಿ ಭಾರತ ಸರ್ಕಾರವು ಟೆಲಿ-ಮನಸ್ ಎಂಬ ಉಚಿತ ದೂರವಾಣಿ ಸೇವೆಯನ್ನು ಆರಂಭಿಸಿದೆ. ೧೪೪೧೬ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಜ್ವರ ಬಂದಾಗ ಆಸ್ಪತ್ರೆಗೆ ಹೋಗಲು ನಾಚದ ನಾವು ಇದಕ್ಕೂ ನಾಚಬೇಕಾಗಿಲ್ಲ.

ಈ ವರ್ಷ ಮಳೆಗಾಲದಲ್ಲಿ ಅದೇ ಅಧ್ಯಾಪಕರು ಅದೇ ಕೊಠಡಿಯಲ್ಲಿ ಹಾಜರಿ ಕರೆದರು. ಹೊರಗೆ ಜಡಿಮಳೆ, ಹೆಂಚಿನ ಮೇಲೆ ಬೀಳುವ ನೀರಿನ ಸದ್ದಿನಲ್ಲಿ ಹೆಸರುಗಳು ಸರಿಯಾಗಿ ಕೇಳಿಸುತ್ತಿರಲಿಲ್ಲ. ನನ್ನ ಹೆಸರು ಬಂದಾಗ ಎದ್ದು, "ಇದ್ದೇನೆ ಸಾರ್" ಎಂದೆ. ಅವರು ಕನ್ನಡಕದ ಮೇಲಿನಿಂದ ಒಂದು ಕ್ಷಣ ನೋಡಿ, "ಇಬ್ಬರೂ?" ಎಂದರು. "ಸದ್ಯಕ್ಕೆ ಇಬ್ಬರೂ" ಎಂದೆ. ಪಾಠ ಮುಗಿಯುವುದರೊಳಗೆ ಇನ್ನೊಬ್ಬನು ಎರಡು ಸಲ ಹೊರಗೆ ಹೋಗಿ ಬಂದ. ಆದರೆ ಹೋದುದು ನನಗೆ ತಿಳಿಯಿತು, ಕರೆದಾಗ ಬಂದ.